ಎಡಕ್ಕೆ ವಾಲಿದ್ದು

ಎಲೆಯನ್ನು ಹಿಂದಿನ ರಾತ್ರಿಯೇ ನೆನೆಸಿಡಬೇಕು,
ಒದ್ದೆ ಗೋಣಿಯಲ್ಲಿ ಸುತ್ತಿ.
ಒಣಗಿದ್ದು ಸುರುಳಿಗೆ ಬಗ್ಗುವುದಿಲ್ಲ, ಒಡೆಯುತ್ತದೆ.
ಇಷ್ಟು ನನಗೆ ಗೊತ್ತಿತ್ತು. ಉಳಿದದ್ದಕ್ಕೆ ಕೈ ಬರಲಿಲ್ಲ.
ನಾನು ಸುತ್ತಿದ ಬೀಡಿ ನಡುವಲ್ಲಿ ಬಸುರಿ,
ತುದಿಯಲ್ಲಿ ಉಪವಾಸ.
"ನೀನು ಓದು ಮಾರಾಯ್ತಿ," ಎಂದರು ವಾರಿಜಕ್ಕ,
"ಹೊಗೆಸೊಪ್ಪು ಹಾಳು ಮಾಡಬೇಡ."

ಹಾಗೆ ತೊಕ್ಕೊಟ್ಟಿನ ಆ ಜಗಲಿಯಲ್ಲಿ
ಏಳು ಹೆಂಗಸರಿಗೆ ನಾನು ಓದುವ ಬಾಯಿಯಾದೆ.
ವಾಚನಾಲಯದಿಂದ ತಂದ ಕಾದಂಬರಿ, ಬೆನ್ನು ಕಿತ್ತದ್ದು,
ಕೊನೆಯ ಪುಟ ಯಾರೋ ಹರಿದುಕೊಂಡು ಹೋದದ್ದು.
ಏಳು ಮೊರ, ಏಳು ಕತ್ತರಿ.
ಉದ್ದ ವಾಕ್ಯ ಬಂದರೆ ಕತ್ತರಿಗಳು ನಿಧಾನವಾಗುತ್ತಿದ್ದವು,
ಎಲ್ಲಿ ಮುಗಿಯುತ್ತದೆಂದು ಕಾದು.
ಮುಗಿಯದಿದ್ದರೆ ಗಿರಿಜಕ್ಕ ಕೆಮ್ಮುತ್ತಿದ್ದರು.
ಮಳೆಯನ್ನು ಮೂರು ಪುಟ ಬಣ್ಣಿಸಿದವನ ಬಗ್ಗೆ
"ಇವನ ಮಾಡು ಸೋರುತ್ತಿರಲಿಲ್ಲ," ಎಂದರು, ಅಷ್ಟೆ.
ಅಡುಗೆಮನೆಯ ಜಗಳ ಬರೆದವಳ ಬಗ್ಗೆ ಮಾತ್ರ
ಯಾರೂ ಏನೂ ಅನ್ನಲಿಲ್ಲ.
ಅವತ್ತು ಎರಡು ಕಟ್ಟು ಕಡಿಮೆಯಾಯಿತು.

ರಾತ್ರಿ ನಾನು ಕದಿಯುತ್ತಿದ್ದೆ,
ಹಳೆಯ ಬೀಡಿ ಪುಸ್ತಕದ ಹಿಂಬದಿಯಲ್ಲಿ.
ಒಬ್ಬರಿಂದ ಅಲ್ಪವಿರಾಮ,
ಇನ್ನೊಬ್ಬರಿಂದ ಪ್ಯಾರಾ ಮುರಿಯುವ ಸಿಟ್ಟು,
ಸಾವನ್ನು ಅರ್ಧ ಸಾಲಿನಲ್ಲಿ ದಾಟಿಹೋಗುವ ಒಬ್ಬಳಿಂದ
ಆ ಅರ್ಧ ಸಾಲು.
ಒಂದು ತಿಂಗಳು ಪೂರ್ತಿ ನಾನು
ತೀರಿಹೋದ ಒಬ್ಬ ಮುದುಕನ ಹಾಗೆ ಬರೆದೆ,
ಅಮ್ಮನಿಗೆ ಬರೆದಿಟ್ಟ ಅಂಗಡಿ ಸಾಮಾನಿನ ಚೀಟಿಯನ್ನು ಕೂಡ.

ಮನೆಯಲ್ಲಿ ತುಳು. ಕನ್ನಡ ನಮ್ಮಲ್ಲಿಗೆ
ಶಾಲೆಯಿಂದ ಬಂದದ್ದು, ಇಸ್ತ್ರಿ ಹಾಕಿಕೊಂಡು.
ಘಟ್ಟದ ಮೇಲಿನವರು ನಗುತ್ತಾರೆ:
ನೀವು ಪುಸ್ತಕದ ಹಾಗೆ ಮಾತಾಡುತ್ತೀರಿ.
ಹೌದು, ಮತ್ತೆ ಯಾರ ಹಾಗೆ?
ನಮಗೆ ಕನ್ನಡ ಕಲಿಸಿದ ಅಜ್ಜಿಯರೆಲ್ಲ
ಅಚ್ಚಾದವರು.

ಮೊದಲ ಕತೆಯನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ
ನೇತ್ರಾವತಿ ದಾಟಿಸಿ ಹಂಪನಕಟ್ಟೆಗೆ ಒಯ್ದೆ,
ಮೆಟ್ಟಿಲು ಹತ್ತಿ, ಅಂಟಿನ ವಾಸನೆಯ ಕಚೇರಿಗೆ.
ಹದಿನೈದು ದಿನದ ಮೇಲೆ ಕೆಂಪು ಶಾಯಿಯಲ್ಲಿ ಮರಳಿತು.
ಎಲ್ಲೆಲ್ಲಿ ಕದ್ದಿದ್ದೆನೋ ಅಲ್ಲೆಲ್ಲ ಸರಿ ಗುರುತು,
ಒಂದು ಕಡೆ "ಸೊಗಸು" ಎಂದು ಕೂಡ.
ಒಂಬತ್ತು ಕಡೆ "ಉಂಟು" ಹೊಡೆದು
ಮೇಲೆ "ಇದೆ" ಎಂದು ಬರೆದಿದ್ದರು,
ಅಂದವಾದ ಅಕ್ಷರ.

ಶನಿವಾರ ವಾರಿಜಕ್ಕನಿಗೆ ಜ್ವರ.
ಅವರ ಬೀಡಿಯನ್ನು ನಾನೇ ಬ್ರಾಂಚಿಗೆ ಒಯ್ದೆ.
ಹಸನಬ್ಬ ಕಟ್ಟು ಬಿಚ್ಚಿದರು, ಪುಸ್ತಕ ನೋಡಲಿಲ್ಲ.
"ವಾರಿಜಕ್ಕನದ್ದು. ಯಾಕೆ ಬರಲಿಲ್ಲ?"
ಎಲೆ ಕಂಪೆನಿಯದ್ದು, ನೂಲು ಕಂಪೆನಿಯದ್ದು,
ಅಳತೆಯ ತಗಡೂ ಕಂಪೆನಿಯದ್ದೇ.
ಮಡಿಕೆ ಅವರ ಅತ್ತೆ ಹೊಡೆದು ಕಲಿಸಿದ್ದು.
"ಬಾಯಿ ನೋಡು," ಎಂದು ಒಂದನ್ನು ಎತ್ತಿ ಹಿಡಿದರು,
"ಎಡಕ್ಕೆ ವಾಲಿದೆ. ಹೆಬ್ಬೆರಳಲ್ಲಿ ಗಾಯ ಉಂಟಲ್ಲ,
ಸಣ್ಣದಿರುವಾಗ ಕತ್ತರಿ ತಾಗಿದ್ದು.
ಅತ್ತೆಯ ಹಾಗೆ ಮಾಡಲು ಹೋಗಿ
ಮೂವತ್ತು ವರ್ಷದಿಂದ ಹೀಗೇ ಬರುತ್ತದೆ."
ಆರನ್ನು ಬಿಸಾಡಿದರು. ವಾಲಿದ್ದನ್ನಲ್ಲ,
ಸಡಿಲಾದದ್ದನ್ನು.

ಹೊರಗೆ ಬಸ್ಸಿನ ಹುಡುಗ ಬಾಗಿಲು ಬಡಿದ:
ಸ್ಟೇಟ್‌ಬ್ಯಾಂಕ್, ಸ್ಟೇಟ್‌ಬ್ಯಾಂಕ್, ಪೋಯಿ.
ಇಂಥ ಗಡಿಬಿಡಿಯ ವಾಕ್ಯವನ್ನು
ನಾನು ಯಾವ ಪುಸ್ತಕದಲ್ಲೂ ಓದಿರಲಿಲ್ಲ.

ಆ ರಾತ್ರಿ ಒಂಬತ್ತನ್ನೂ ಬಾಯಿಬಿಟ್ಟು ಓದಿದೆ.
ಎಂಟು ಕಡೆ ಅವರು ತಿದ್ದಿದ್ದೇ ಸರಿ;
ನಾಲ್ಕಂತೂ ಬರೀ ಸೋಮಾರಿತನ.
ಇನ್ನೊಂದು ಹೀಗಿತ್ತು:
ಅಪ್ಪನ ಚಪ್ಪಲಿ ಬಾಗಿಲಲ್ಲಿ ಉಂಟು.
ಬೋಟು ಬಾರದೆ ಎರಡು ಮಳೆಗಾಲ ಕಳೆದ ಮನೆಯಲ್ಲಿ
ಇದೆ ಎಂದರೆ ಬರೀ ಚಪ್ಪಲಿ.
ಉಂಟು ಎಂದು ಓದಿದರೆ
ಏಳರಲ್ಲಿ ಒಂದು ಕತ್ತರಿಯಾದರೂ ನಿಲ್ಲುತ್ತದೆ.

ಕೆಂಪು ಗೆರೆಯ ಕೆಳಗೆ ಚುಕ್ಕಿಗಳನ್ನಿಟ್ಟೆ,
ಇದು ಇರಲಿ ಎಂಬ ಗುರುತು.
ಆ ಗುರುತನ್ನೂ ಅವರಿಂದಲೇ ಕಲಿತದ್ದು.